ಬದಲಿ ನಿಂತ ಯಂತ್ರ

ಕಬನೂರಿನಲ್ಲಿ ಪಾರೀಸನ ಕಾರ್ಖಾನೆಯೆಂದರೆ ತಗಡಿನ ಮಾಡು, ಮೂರು ಪ್ರೆಸ್ಸು, ಮತ್ತು ನೆರೆಯ ಮಗ್ಗಗಳ ಖಟಖಟದ ನಡುವೆ ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತನಾಡುವ ಆರೆಂಟು ಜನ. ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ ಬೇಕಾದ ಸಣ್ಣ ಉಕ್ಕಿನ ಕೊಂಡಿಗಳು ಅಲ್ಲಿ ತಯಾರಾಗುತ್ತಿದ್ದವು. ಚಪ್ಪಟೆಯಾದ ತುಂಡೊಂದನ್ನು ಅಚ್ಚಿನ ಮೇಲೆ ಇಡಬೇಕು. ಕಾಲಿನಿಂದ ಪೆಡಲು ಒತ್ತಬೇಕು. ಪ್ರೆಸ್ಸು ಮೇಲಿನಿಂದ ಧಡ್ಡೆಂದು ಬಂದು ಅದನ್ನು ಬಾಗಿಸಿ ಮೇಲೇರಬೇಕು. ದೊಡ್ಡ ಪ್ರೆಸ್ಸಿನ ಮುಂದಿನ ಸ್ಟೂಲು ಜ್ಞಾನುವಿನದು. ಮೀಸೆ ಮೂಡುವ ವಯಸ್ಸಿನಲ್ಲಿ ಅದರ ಮೇಲೆ ಕುಳಿತವನು, ಮೀಸೆ ನರೆತ ಮೇಲೂ ಅಲ್ಲಿಂದ ಎದ್ದಿರಲಿಲ್ಲ.

ಆ ಪ್ರೆಸ್ಸಿಗೆ ಯಾವಾಗ ಇಳಿಯಬೇಕು, ಯಾವಾಗ ನಿಲ್ಲಬೇಕು ಎಂದು ಅಪ್ಪಣೆ ಕೊಡುತ್ತಿದ್ದ ಕಂಟ್ರೋಲರ್ ಪೆಟ್ಟಿಗೆಗೆ ಮುಪ್ಪು ಬಂದಿತ್ತು. ಮುಂಜಾನೆಯ ತಂಪಿನಲ್ಲಿ ಸ್ವಲ್ಪ ಹೊತ್ತು ನೆಟ್ಟಗೆ ನಡೆಯುವುದು. ಹೊತ್ತೇರಿ ತಗಡು ಕಾದಂತೆ, ಮಾತಿನ ನಡುವೆ ಮರೆವು ಬಂದ ಮುದುಕನ ಹಾಗೆ, ಪ್ರೆಸ್ಸನ್ನು ಅರ್ಧಕ್ಕೇ ಬಿಟ್ಟು ಸುಮ್ಮನಾಗುವುದು. ಅದನ್ನು ಮಾಡಿ ಮಾರಿದವರು ಎಂದೋ ಅಂಗಡಿ ಮುಚ್ಚಿದ್ದರು. ಒಳಗಿನ ಇಲೆಕ್ಟ್ರಾನಿಕ್ ಚಿಪ್ಪು ಯಾವ ಪೇಟೆಯಲ್ಲೂ ಸಿಗುತ್ತಿರಲಿಲ್ಲ. ಕಡೆಗೆ ಪಾರೀಸನು ಮನೀಷಾಳನ್ನು ಕರೆಸಿದನು.

ಮನೀಷಾ ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಗುರುಸಿದ್ದನ ಮಗಳು. ಕೊಲ್ಹಾಪುರದಲ್ಲಿ ಇಲೆಕ್ಟ್ರಾನಿಕ್ಸ್ ಓದಿ ಮುಗಿಸಿದ ಮೇಲೆ ಊರಿಗೆ ಮರಳದೆ, ಶಾಹುಪುರಿಯ ಗಲ್ಲಿಯೊಂದರಲ್ಲಿ ಮಹಡಿಯ ಮೇಲಿನ ಖೋಲಿ ಹಿಡಿದು, ಕಾರ್ಖಾನೆಗಳ ಹಳೆಯ ಕಂಟ್ರೋಲರುಗಳನ್ನು ದುರಸ್ತಿ ಮಾಡುವ ಉದ್ಯೋಗಕ್ಕೆ ಇಳಿದಿದ್ದಳು. ತಂದೆಯ ಬೆರಳುಗಳಲ್ಲಿ ಬೆಲ್ಲದ ಜಿಗುಟು, ಮಗಳ ಬೆರಳುಗಳಲ್ಲಿ ಬೆಸುಗೆಯ ಸುಟ್ಟ ಕಲೆ. ಕೈಗೆತ್ತಿಕೊಂಡ ಕೆಲಸವನ್ನು ಅವಳು ಎಂದೂ ಅರ್ಧಕ್ಕೆ ಬಿಟ್ಟವಳಲ್ಲ. ಆ ಹೆಮ್ಮೆ ಅವಳಿಗೆ ಉಂಟು.

ಎರಡು ದಿನ ಅವಳು ಜ್ಞಾನುವಿನ ಪಕ್ಕದಲ್ಲೇ ಕುಳಿತು ಪ್ರೆಸ್ಸು ನಡೆಯುವ ರೀತಿಯನ್ನು ನೋಡಿದಳು. ಹಳೆಯ ಪೆಟ್ಟಿಗೆಯ ಮೆಮೊರಿಯಿಂದ ಅದರ ಪ್ರೋಗ್ರಾಮನ್ನು ಒಂದಕ್ಷರವೂ ಬಿಡದೆ ಹೊರಗೆ ತೆಗೆದಳು. ತನ್ನ ಖೋಲಿಗೆ ಹೋಗಿ ಕೆಲವು ವಾರ ದುಡಿದಳು. ಒಂದು ಶನಿವಾರ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಹಸಿರು ಬೋರ್ಡನ್ನೂ ಲ್ಯಾಪ್‌ಟಾಪನ್ನೂ ಹಿಡಿದು ಕಬನೂರಿಗೆ ಬಂದಿಳಿದಳು.

ಲ್ಯಾಪ್‌ಟಾಪಿನ ತೆರೆಯ ಮೇಲೆ ಗೆರೆಗಳಿಂದ ಬರೆದ ಪ್ರೆಸ್ಸೊಂದು ಏರುತ್ತಿತ್ತು, ಇಳಿಯುತ್ತಿತ್ತು. ಕೊಂಡಿಗಳನ್ನು ಆರಿಸಿ ಡಬ್ಬಿಗೆ ತುಂಬುತ್ತಿದ್ದ ಧೊಂಡುಬಾಯಿ ಕತ್ತು ಚಾಚಿ ನೋಡಿದಳು. ಅವಳು ಜ್ಞಾನುವಿನ ಅಕ್ಕ. ಕೈ ಎಷ್ಟು ಚುರುಕೋ ನಾಲಗೆಯೂ ಅಷ್ಟೇ ಚುರುಕು.

“ಏನ್ ಬಾಯಾರ, ಸಿನಿಮಾ ಹಚ್ಚೀರೇನ?”

“ಸಿನಿಮಾ ಅಲ್ಲ ಮಾವಶಿ. ಇದಕ್ಕ ಸಿಮ್ಯುಲೇಷನ್ ಅಂತಾರ. ನಿಮ್ಮ ಪ್ರೆಸ್ಸು ಹ್ಯಾಂಗ ನಡೀತೈತೋ ಹಂಗಽ ಇಲ್ಲಿ ತೋರಸ್ತೈತಿ.”

“ಹೌದ? ಇದರಾಗಿಂದ ದಿನಕ್ಕ ಎಷ್ಟ ಕೊಂಡಿ ಬೀಳ್ತಾವು?”

“ಒಂದೂ ಬೀಳೂದಿಲ್ಲ.”

“ಹಂಗಾದ್ರ ನಮ್ಮ ಸಣ್ಣ ಭಾವ ಇದ್ದಂಗ ಆತು ಬಿಡ್ರಿ. ದಿನಾ ಡಬ್ಬಿ ಕಟ್ಕೊಂಡ ಕೆಲಸಕ್ಕ ಹೋಗ್ತಾನ. ಮನಿಗೆ ಏನೂ ತರೂದಿಲ್ಲ.”

ಎಲ್ಲರೂ ನಕ್ಕರು. ಮನೀಷಾಳೂ ನಕ್ಕಳು. ಪಾರೀಸನು ಮಾತ್ರ ನಗಲಿಲ್ಲ. ತೆರೆಯ ಮೇಲಿನದಕ್ಕೂ ಅವಳ ಅಂಗೈಯಲ್ಲಿದ್ದ ಹಸಿರು ಬೋರ್ಡಿಗೂ ಏನು ವ್ಯತ್ಯಾಸವೆಂದು ಕೇಳಿದನು.

“ಹಿಂಗ ತಿಳೀರಿ ಸಾವಕಾರ್ರ. ನಾಟಕದಾಗ ಒಬ್ಬಾಂವ ಮಗ್ಗದಾಂವನ ಪಾರ್ಟ್ ಮಾಡ್ತಾನ. ಕೈ ಆಡಸ್ತಾನ, ಬೆವರ ಒರಸ್ಕೋತಾನ. ನೋಡಾವ್ರಿಗೆ ಮಗ್ಗದ ಕೆಲಸ ಅಂದ್ರ ಹಿಂಗಿರ್ತೈತಿ ಅಂತ ತಿಳೀತೈತಿ. ಆದ್ರ ಅರಿವಿ ಬರೂದಿಲ್ಲ. ಅದು ಸಿಮ್ಯುಲೇಷನ್. ಇನ್ನ, ಮಗ್ಗದಾಂವ ರಜಾ ಹಾಕಿದಾಗ ಬದಲಿ ಆಳು ಬರ್ತಾನಲ್ರಿ? ಅಂವ ಅದಽ ಮಗ್ಗಕ್ಕ ನಿಲ್ತಾನ, ಅದಽ ಅರಿವಿ ನೇಯ್ತಾನ. ಆಳು ಬ್ಯಾರೆ ಬಂದಾನ ಅಂತ ಮಗ್ಗಕ್ಕ ಗೊತ್ತಽ ಆಗಬಾರ್ದು. ಅದು ಎಮ್ಯುಲೇಷನ್.” ಅವಳು ಹಸಿರು ಬೋರ್ಡನ್ನು ಎತ್ತಿ ತೋರಿಸಿದಳು. “ಇಂವ ಬದಲಿ ಆಳು. ಹಳೇ ಪ್ರೋಗ್ರಾಮ್ ಇದರಾಗ ಇದ್ದಂಗಽ ಐತಿ. ಅದು ಇನ್ನೂ ಹಳೇ ಚಿಪ್ಪಿನ್ಯಾಗಽ ಅದೇನಿ ಅಂತ ತಿಳ್ಕೊಂಡೈತಿ.”

“ಅಂದ್ರ ಇದು ಖರೇ, ಅದು ಸುಳ್ಳು.”

“ಸುಳ್ಳಲ್ರಿ. ನಿಮ್ಮ ಪ್ರೆಸ್ಸಿಗೆ ಹಚ್ಚೂ ಮೊದ್ಲ ಈ ಬದಲಿನ್ನ ಆ ತೆರಿ ಮ್ಯಾಲಿನ ಪ್ರೆಸ್ಸಿಗೆ ಹಚ್ಚಿ ನೋಡೇನಿ. ಏನರ ತಪ್ಪಾಗೂದಿದ್ರ ಅಲ್ಲೇ ಆಗ್ಲಿ, ಇಲ್ಲಿ ಬ್ಯಾಡ ಅಂತ. ಎಲ್ಲಾ ಬರೋಬರ ಬಂತು.”

ಜ್ಞಾನು ಕೀಲುನೋವಿಗೆಂದು ಬಲಗೈಯ ತೋರುಬೆರಳಿಗೆ ಹಾಕಿಕೊಂಡಿದ್ದ ತಾಮ್ರದ ಉಂಗುರವನ್ನು ತಿರುವುತ್ತ ಒಂದೇ ಮಾತು ಕೇಳಿದನು.

“ಇದಕ್ಕ ನನ್ನ ಕಾಲಿನ ಗುರ್ತ ಹತ್ತತೈತೇನ್ರಿ?”

“ಹಳೇ ಪೆಟ್ಟಗಿಗೆ ಗೊತ್ತಿದ್ದಿದ್ದೆಲ್ಲಾ ಇದಕ್ಕೂ ಗೊತ್ತೈತಿ ದಾದಾ,” ಎಂದಳು ಮನೀಷಾ.

ಅಂದು ಬೋರ್ಡು ಕೂಡಿಸಿದ್ದಾಯಿತು. ಅಚ್ಚನ್ನು ಖಾಲಿ ಬಿಟ್ಟು ಪಾರೀಸನೇ ಪೆಡಲು ಒತ್ತಿ ನೋಡಿದನು. ಕಾಲು ತಗಲಿತೋ ಇಲ್ಲವೋ, ಪ್ರೆಸ್ಸು ಹದ್ದಿನ ಹಾಗೆ ಎರಗಿ ಏರಿತು. “ನಾದಖುಳಾ! ಭಾರೀ ಆತು!” ಎಂದು ಅವನು ಚಪ್ಪಾಳೆ ತಟ್ಟಿದನು. ಸೋಮವಾರದಿಂದ ಕೆಲಸ ಶುರುವೆಂದು ಗೊತ್ತಾಯಿತು. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಹೊರಟವನ ಕೈಯಿಂದ ಮನೀಷಾ ಅದನ್ನು ಕೇಳಿ ಪಡೆದು, ಕೊಲ್ಹಾಪುರದ ತನ್ನ ಖೋಲಿಯಲ್ಲಿಟ್ಟು ಗಡಹಿಂಗ್ಲಜದ ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಗುರುಸಿದ್ದನು ವಿಚಾರಿಸಿದನು. ಮಗಳ ಉದ್ಯೋಗ ಅವನಿಗೆ ಪೂರ್ತಿ ತಿಳಿಯದು. ಆದರೂ ಕೇಳದೆ ಬಿಡುವವನಲ್ಲ.

“ಅಂದ್ರ, ಹಳೇ ಗಾಣಕ್ಕ ಹೊಸಾ ಎತ್ತ ಕಟ್ಟಿ ಬಂದಿ.”

“ಹೂಂ ಅಪ್ಪಾ. ಹಳೇ ಎತ್ತಿನಂಗಽ ತಿರಗೂ ಹೊಸಾ ಎತ್ತ.”

“ಹಳೇದರಂಗಽ ತಿರಗೂದಾದ್ರ ಹೊಸಾದರ ಉಪಯೋಗ ಏನ? ಜರಾ ಜೋರರ ನಡೀಬೇಕಲ್ಲ.”

“ಜೋರೂ ನಡೀತೈತಿ,” ಎಂದು ಮನೀಷಾ ಹೆಮ್ಮೆಯಿಂದ ಹೇಳಿ ರೊಟ್ಟಿ ಮುರಿದಳು. ಮುರಿದ ತುತ್ತು ಬಾಯಿಗೆ ಹೋಗಲಿಲ್ಲ.

ಜೋರಾಗಿ ಏಕೆ ನಡೆಯಬೇಕು? ಪ್ರೋಗ್ರಾಮು ಅದೇ, ಪ್ರೆಸ್ಸು ಅದೇ. ಪಾರೀಸನ ಕಾಲು ಪೆಡಲಿಗೆ ತಗಲಿದೊಡನೆ ಎರಗಿದ ಆ ಯಂತ್ರವನ್ನು ಅವಳು ಮತ್ತೆ ಕಣ್ಮುಂದೆ ತಂದುಕೊಂಡಳು. ಎರಡು ದಿನ ಪಕ್ಕದಲ್ಲಿ ಕುಳಿತು ನೋಡಿದ ಹಳೆಯ ಪ್ರೆಸ್ಸು ಹಾಗೆ ಎರಗುತ್ತಿತ್ತೇ? ಎರಗುತ್ತಿರಲಿಲ್ಲ ಎಂದೆನಿಸಿತು, ಎರಗುತ್ತಿತ್ತು ಎಂದೂ ಎನಿಸಿತು. ಹಿಂದಿನ ದಿನ ಎಲ್ಲರ ಮುಂದೆ ಅಷ್ಟು ಧೈರ್ಯದಿಂದ ಮಾತನಾಡಿದವಳಿಗೆ ಈಗ ಇಷ್ಟೊಂದು ಸಣ್ಣ ಸಂಗತಿ ಖಚಿತವಾಗಿ ನೆನಪಿಲ್ಲವಲ್ಲ ಎಂಬುದೇ ಅವಳನ್ನು ಊಟದಿಂದ ಎಬ್ಬಿಸಿತು.

ಸೋಮವಾರ ಮೊದಲ ಬಸ್ಸಿಗೇ ಅವಳು ಕೊಲ್ಹಾಪುರಕ್ಕೆ ಹೊರಟಳು. ಖೋಲಿಯ ಬಾಗಿಲು ತೆರೆದವಳು ಚಪ್ಪಲಿಯನ್ನೂ ಕಳಚಲಿಲ್ಲ. ಹಳೆಯ ಪೆಟ್ಟಿಗೆ ಇನ್ನೂ ತಂಪಾಗಿತ್ತು. ಕೆಲ ಹೊತ್ತು ನೆಟ್ಟಗೆ ನಡೆದೀತು. ಅದರ ಪಕ್ಕದಲ್ಲಿ, ಕಬನೂರಿನಲ್ಲಿ ಕೂಡಿಸಿದ್ದರ ಜೋಡಿಯಾಗಿ ಮಾಡಿಟ್ಟುಕೊಂಡಿದ್ದ ಇನ್ನೊಂದು ಹಸಿರು ಬೋರ್ಡನ್ನು ಇಟ್ಟಳು. ಒಂದೇ ಸ್ವಿಚ್ಚಿನಿಂದ ಎರಡಕ್ಕೂ ತಂತಿ ಎಳೆದಳು. ಆ ಸ್ವಿಚ್ಚೇ ಪೆಡಲು. ಎರಡರಿಂದಲೂ ಹೊರಡುವ ‘ಟಕ್’ ಎಂಬ ಸದ್ದೇ ಪ್ರೆಸ್ಸಿಗೆ ಇಳಿಯಲು ಅಪ್ಪಣೆ. ಈ ಪರೀಕ್ಷೆಯನ್ನು ಅವಳು ಮೊದಲೇ ಮಾಡಬೇಕಾಗಿತ್ತು. ತೆರೆಯ ಮೇಲಿನ ಪ್ರೆಸ್ಸು ಎಲ್ಲವೂ ಸರಿಯೆಂದು ಹೇಳಿದ್ದರಿಂದ ಮಾಡಿರಲಿಲ್ಲ.

ಸ್ವಿಚ್ಚು ಒತ್ತಿದಳು. ಹೊಸದು ‘ಟಕ್’ ಎಂದಿತು. ಆಮೇಲೆ ಹಳೆಯದು ‘ಟಕ್’ ಎಂದಿತು.

ನಡುವೆ ಒಂದು ತೆರಪು. ಅರ್ಧ ಉಸಿರಿನಷ್ಟು.

ಕಾರಣ ಹುಡುಕಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ, ಪೆಡಲು ಒತ್ತಿದ ಮೇಲೆ, ಚಿಪ್ಪು ಒಂದು ದೊಡ್ಡ ಸಂಖ್ಯೆಯಿಂದ ಸೊನ್ನೆಯವರೆಗೆ ಸುಮ್ಮನೆ ಎಣಿಸುವ ಒಂದು ಕಡೆ ಇತ್ತು. ಎಣಿಸಿ ಏನೂ ಮಾಡುತ್ತಿರಲಿಲ್ಲ. ಹಿಂದೆ ಅದನ್ನು ಕಂಡಾಗ ಅವಳು, ಯಾರೋ ಕೆಲಸವಿಲ್ಲದವನು ಬರೆದದ್ದು ಎಂದು ನಕ್ಕು ಮುಂದೆ ಹೋಗಿದ್ದಳು. ಹಳೆಯ ಚಿಪ್ಪು ಮಂದಗತಿಯದು. ಎಣಿಸಿ ಮುಗಿಸಲು ಅದಕ್ಕೆ ಅರ್ಧ ಉಸಿರು ಬೇಕಾಗುತ್ತಿತ್ತು. ಹೊಸ ಚಿಪ್ಪು ಅದೇ ಎಣಿಕೆಯನ್ನು, ಒಂದಂಕಿಯೂ ಬಿಡದೆ, ಕಣ್ಣೆವೆ ಅಲುಗುವುದರೊಳಗೆ ಮುಗಿಸಿಬಿಡುತ್ತಿತ್ತು. ಬದಲಿ ಆಳು ಎಲ್ಲವನ್ನೂ ಕಲಿತು ಬಂದಿದ್ದನು. ನಿಧಾನವೊಂದನ್ನು ಮಾತ್ರ ಕಲಿತಿರಲಿಲ್ಲ.

ಆಗಲಿ, ಅರ್ಧ ಉಸಿರು ತಾನೇ, ಅದರಿಂದೇನು ಎಂದು ಸಮಾಧಾನ ಹೇಳಿಕೊಂಡು ಅವಳು ಮತ್ತೊಮ್ಮೆ ಸ್ವಿಚ್ಚು ಒತ್ತಿದಳು. ಮತ್ತೆ ಆ ತೆರಪು. ಅವಳ ಕಿವಿಗೆ ಅದು ಬರಿದಾಗಿ ಕೇಳಲಿಲ್ಲ. ಅಲ್ಲಿ ಇನ್ನೊಂದು ಸದ್ದು ಇರಬೇಕಾಗಿತ್ತು. ಎರಡು ದಿನ ಜ್ಞಾನುವಿನ ಪಕ್ಕದಲ್ಲಿ ಕುಳಿತಾಗ ಬೇಡವೆಂದರೂ ಕಿವಿಯಲ್ಲಿ ಇಳಿದ ತಾಳ ಅದು: ಕಚ್, ಟಿಣ್, ಧಡ್. ಕಚ್ ಎಂದರೆ ಪೆಡಲು. ಧಡ್ ಎಂದರೆ ಪ್ರೆಸ್ಸು. ನಡುವಿನ ಟಿಣ್?

ಅದು ತಾಮ್ರದ ಉಂಗುರ ಉಕ್ಕಿನ ಅಚ್ಚಿಗೆ ತಗಲುವ ಸದ್ದು.

ಮನೀಷಾ ಸ್ವಿಚ್ಚಿನಿಂದ ಕೈ ತೆಗೆದಳು. ಕಾಲು ಪೆಡಲು ಒತ್ತಿದ ಮೇಲೆಯೂ ಜ್ಞಾನುವಿನ ಬೆರಳು ಅಚ್ಚಿನ ಮೇಲೆಯೇ ಇರುತ್ತಿತ್ತು. ತುಂಡನ್ನು ಕೊನೆಯದಾಗಿ ಒಮ್ಮೆ ಸರಿಪಡಿಸಿ, ಆ ಅರ್ಧ ಉಸಿರಿನೊಳಗೆ ಹೊರಗೆ ಬರುತ್ತಿತ್ತು. ಇಷ್ಟು ವರ್ಷ ಅವನ ಕೈಯನ್ನು ಕಾಯ್ದದ್ದು ಕಬ್ಬಿಣದ ತಡೆಯಲ್ಲ, ಎಚ್ಚರವಲ್ಲ. ಒಂದು ಮಂದ ಚಿಪ್ಪಿನ ನಿರುಪಯೋಗಿ ಎಣಿಕೆ. ತೆರೆಯ ಮೇಲೆ ಅವಳು ಪ್ರೆಸ್ಸನ್ನು ಬರೆದಿದ್ದಳು, ಪೆಡಲು ಬರೆದಿದ್ದಳು, ಗಾಳಿಯ ಒತ್ತಡವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿರಲಿಲ್ಲ. ಆ ಪ್ರೆಸ್ಸು ಯಾವಾಗ ಇಳಿದರೂ ಖಾಲಿ ಸ್ಟೂಲಿಗೆ ತಕರಾರಿರಲಿಲ್ಲ.

ಗಡಿಯಾರ ನೋಡಿದಳು. ಕಬನೂರಿನಲ್ಲಿ ಕೆಲಸ ಶುರುವಾಗಿ ಬಹಳ ಹೊತ್ತಾಗಿತ್ತು.

ಮೆಟ್ಟಿಲಿಳಿಯುತ್ತಲೇ ಪಾರೀಸನಿಗೆ ಫೋನು ಹಚ್ಚಿದಳು. ಅವನು ಮಾಲು ತಲುಪಿಸಲು ಹಾತಕಣಂಗಲೆಗೆ ಹೋಗಿದ್ದನು.

“ಬಾಯಾರ! ಏನ ಮಷೀನ್ ಮಾಡೀರಿ! ಜ್ಞಾನ್ಯಾ ಮುಂಜಾನಿಂದ ಹಚ್ಚಿ ಬಾರಸಾಕತ್ತಾನ.”

“ಸಾವಕಾರ್ರ, ಅದನ್ನ ಬಂದ್ ಮಾಡಸ್ರಿ. ಈಗಿಂದೀಗ. ನಾ ಬರಾಕತ್ತೇನಿ.”

“ಯಾಕ? ಕೆಟ್ಟೈತೇನ?”

“ಕೆಟ್ಟಿಲ್ರಿ, ಆದ್ರ...”

“ಕೆಡದಿದ್ದ ಮಷೀನ್ ಯಾಕ ಬಂದ್ ಮಾಡಸ್ಲಿ? ಇಷ್ಟ ದಿನ ಅರ್ಧಾ ದಿವಸ ಬಂದ್ ಇಟ್ಟೇನಿ. ನೀವ ಬರ್ರಿ, ಚಹಾ ಕುಡಿಯೋಣ.” ಅವನ ಲಾರಿ ಹಾರ್ನು ಹೊಡೆಯಿತು, ಫೋನು ಕಟ್ಟಾಯಿತು.

ಜ್ಞಾನುವಿನ ಬಳಿ ಫೋನಿರಲಿಲ್ಲ. ಧೊಂಡುಬಾಯಿಯ ನಂಬರು ಇತ್ತು. ಬಸ್ ಸ್ಟ್ಯಾಂಡಿಗೆ ರಿಕ್ಷಾದಲ್ಲಿ ಓಡುತ್ತಿರುವಾಗ ಎರಡು ಸಲ ಗಂಟೆ ಬಡಿದು ನಿಂತಿತು. ಮೂರನೆಯ ಸಲ ಮಗ್ಗಗಳ ಗದ್ದಲದ ನಡುವಿನಿಂದ ದನಿ ಬಂದಿತು.

“ಹಲೋ, ಯಾರ್ರಿ?”

“ಮಾವಶಿ, ನಾ ಮನೀಷಾ. ಜ್ಞಾನುದಾದಾನ ಕೈ ನೋಡ್ರಿ. ಕಾಲ ಒತ್ತೂದು ಮೊದ್ಲೋ, ಕೈ ಹೊರಗ ತಗಿಯೂದು ಮೊದ್ಲೋ?”

“ಅಗ ಬಾಯಿ, ಇದೇನ ಕೇಳಾಕತ್ತೀರಿ? ಮುಂಜಾನೆ ಹೊಸಾ ಸೊಸಿಗತೆ ಅಂಜಿ ಅಂಜಿ ಮಾಡಾಕತ್ತಿದ್ದ. ಕೈ ಪೂರಾ ಹೊರಗ, ಆಮ್ಯಾಲೆ ಕಾಲು. ನಾನಽ ಚಾಷ್ಟಿ ಮಾಡಿದೆ, ಹೊಸಾ ಮಷೀನ್ ಕಡೀತೈತೇನೋ ಅಂತ.”

“ಈಗ? ಈಗ ನೋಡ್ರಿ.”

“ಈಗ ಏನು, ಬಾಜೂ ಪ್ರೆಸ್ಸಿನ ಭೀಮಗೊಂಡನ ಕೂಡ ನಿನ್ನೀ ಕುಸ್ತಿ ಮಾತ ಹಚ್ಯಾನ. ಕೈ... ತಡೀರಿ.” ದನಿ ನಿಂತಿತು. ಗದ್ದಲವಷ್ಟೇ ಕೇಳಿಸುತ್ತಿತ್ತು. ಮನೀಷಾ ರಿಕ್ಷಾದ ಕಂಬಿಯನ್ನು ಹಿಡಿದುಕೊಂಡಳು. ಒಮ್ಮೆಲೇ ಧೊಂಡುಬಾಯಿ ಕಿರುಚಿದಳು: “ಥಾಂಬ! ನಿಲ್ಲೋ ಜ್ಞಾನ್ಯಾ!”

ಏನೋ ಬಿದ್ದ ಸದ್ದು. ಉಕ್ಕಿನ ಕೊಂಡಿಗಳು ನೆಲದ ಮೇಲೆಲ್ಲ ಚೆಲ್ಲಿದ ಸದ್ದು. ಯಂತ್ರಗಳ ಗುಂಯ್ಗುಟ್ಟುವಿಕೆ ನಿಧಾನವಾಗಿ ಇಳಿದು ಅಡಗಿತು. ಮನೀಷಾ ಎಷ್ಟು ಸಲ ಮಾವಶೀ ಎಂದು ಕೂಗಿದಳೋ ಅವಳಿಗೇ ತಿಳಿಯದು. ರಿಕ್ಷಾದವನು ಗಾಡಿಯನ್ನು ಬದಿಗೆ ನಿಲ್ಲಿಸಿ ತಿರುಗಿ ನೋಡುತ್ತಿದ್ದನು.

“ಏನಾಗಿಲ್ಲ,” ಎಂದು ಕಡೆಗೂ ಧೊಂಡುಬಾಯಿಯ ದನಿ ಬಂದಿತು. ಅದರಲ್ಲಿ ಈಗ ಹಾಸ್ಯವಿರಲಿಲ್ಲ. “ಮೇನ್ ಬಟನ್ ಜಗ್ಗೇನಿ. ಕೈ ಐತಿ. ಮಾಲಕ ಬಂದ ನನ್ನ ಕೊಲ್ತಾನ. ನೀವ ಲಗೂನ ಬರ್ರಿ.”

ಅವಳು ಕಬನೂರು ಮುಟ್ಟುವ ಹೊತ್ತಿಗೆ ಪಾರೀಸನೂ ಮರಳಿದ್ದನು. ಪ್ರೆಸ್ಸು ನಿಂತಿತ್ತು. ಜ್ಞಾನು ಗೋಡೆಗೊರಗಿ, ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು, ಅವಮಾನವಾದವನ ಹಾಗೆ ನಿಂತಿದ್ದನು.

“ಜಯಭೀಮ್ರಿ,” ಎಂದನು ಅವನು, ಮುಖ ಎತ್ತದೆ. “ನನ್ನ ಕೈ ಸೊಟ್ಟ ಐತಿ ಅಂತ ಅಕ್ಕಾಗ ಫೋನ್ ಮಾಡೀರಂತ.”

“ನಿಮ್ಮ ಕೈ ಅಲ್ಲ ದಾದಾ. ನನ್ನ ತಪ್ಪು.” ಅವಳು ಎಲ್ಲರಿಗೂ ಕೇಳುವಂತೆ ಎಲ್ಲವನ್ನೂ ಬಿಡಿಸಿ ಹೇಳಿದಳು: ಹಳೆಯ ಚಿಪ್ಪಿನ ಎಣಿಕೆ, ಅರ್ಧ ಉಸಿರು, ಉಂಗುರದ ಸದ್ದು.

ಜ್ಞಾನುವಿನ ಮುಖ ಕೆಂಪಾಯಿತು. “ಖೋಟೆ ಆಹೆ! ಸುಳ್ಳು! ನಾ ಹಂಗ ಮಾಡೂದಽ ಇಲ್ಲ. ಮೊದ್ಲ ಕೈ, ಆಮ್ಯಾಲೆ ಕಾಲು. ಹುಡುಗರಿಗೆ ಕಲಿಸಾಂವ ನಾನಽ ಅದೇನಿ.”

“ಮೋಟಾರ್ ಹಚ್ಚೂದು ಬ್ಯಾಡ. ಬರೇ ಮಾಡಿ ತೋರಸ್ರಿ.”

ಅವನು ಸ್ಟೂಲಿನ ಮೇಲೆ ಕುಳಿತು ಮಾಡಿ ತೋರಿಸಿದನು. ಸತ್ತ ಪ್ರೆಸ್ಸಿನ ಕೆಳಗೆ ತುಂಡು ಇಟ್ಟನು, ಕೈಯನ್ನು ತೆಗೆದನು, ಪೆಡಲು ಒತ್ತಿದನು. ಮತ್ತೆ ಇಟ್ಟನು, ತೆಗೆದನು, ಒತ್ತಿದನು. ಲೋಪವೇ ಇಲ್ಲ. ಪಾರೀಸನು ಮನೀಷಾಳ ಕಡೆಗೆ ನೋಡಿದ ನೋಟದಲ್ಲಿ, ಅರ್ಧ ದಿನದ ಕೆಲಸ ಕೆಡಿಸಿದೆಯಲ್ಲ ಎಂಬ ಸಿಟ್ಟು ಬಚ್ಚಿಟ್ಟಂತಿರಲಿಲ್ಲ. ಮನೀಷಾಳಿಗೆ ಮಾತ್ರ ಆ ಕೈ ತನ್ನ ಲ್ಯಾಪ್‌ಟಾಪಿನ ತೆರೆಯನ್ನು ನೆನಪಿಗೆ ತಂದಿತು. ಕೆಲಸ ಹೇಗಿರಬೇಕೋ ಹಾಗೆ ಅದು ತೋರಿಸುತ್ತಿತ್ತು.

ಧೊಂಡುಬಾಯಿ ತಮ್ಮನನ್ನು ಚೆನ್ನಾಗಿ ಬಲ್ಲವಳು. ನೆಲದ ಮೇಲೆ ಕುಳಿತು ಚೆಲ್ಲಿದ ಕೊಂಡಿಗಳನ್ನು ಆಯುತ್ತ, ಯಾರಿಗೂ ಅಲ್ಲವೆಂಬಂತೆ ಅವಳು ಅಂದಳು:

“ಭೀಮಗೊಂಡ, ನಿನ್ನೀ ನಿಮ್ಮ ಪೈಲವಾನ ಹೆಂಗಸರಂಗ ಕಾಲ ಮುದುರಿ ಬಿದ್ದಾನಂತಲ್ಲೋ.”

“ಯಾರ ಹೇಳಿದ್ರ ನಿನಗ?” ಜ್ಞಾನು ಕೈ ನಿಲ್ಲಿಸದೆಯೇ ತಿರುಗಿದನು. “ಬಿದ್ದಿಲ್ಲ ಅಂವ. ಪಂಚ ಸೀಟಿ ಊದಿದ್ದಽ ಮೊದ್ಲ.”

“ಸೀಟಿ ಊದಿದ್ದು ಬಿದ್ದ ಮ್ಯಾಲ ಅಂತ.”

“ನೀ ನೋಡಾಕ ಬಂದಿದ್ದೇನ? ಅಂವ ಢಾಕ್ ಪಟ್ಟು ಹಾಕಾಕ ಹ್ವಾದ, ಈ ಮಗಾ ಬಿಡಿಸ್ಕೊಂಡ...”

ಕಚ್. ಟಿಣ್.

ಎಲ್ಲರಿಗೂ ಕೇಳಿಸಿತು. ಮಗ್ಗಗಳ ಸದ್ದಿನ ನಡುವೆಯೂ ಕೇಳಿಸಿತು. ಜ್ಞಾನುವಿನ ಮಾತು ಅಲ್ಲಿಗೇ ಕಡಿಯಿತು. ಅವನು ತಲೆ ತಗ್ಗಿಸಿ ನೋಡಿದನು: ಕಾಲು ಪೆಡಲನ್ನು ನೆಲದವರೆಗೆ ಒತ್ತಿಹಿಡಿದಿತ್ತು, ಬಲಗೈಯ ತೋರುಬೆರಳು ಅಚ್ಚಿನ ನಟ್ಟನಡುವೆ ತುಂಡಿನ ಅಂಚನ್ನು ಒತ್ತಿಕೊಂಡಿತ್ತು. ಮೇಲ್ಗಡೆ ಪ್ರೆಸ್ಸು ತೂಗುತ್ತಿತ್ತು. ಬೆರಳನ್ನು ಹೊರಗೆ ತೆಗೆಯುವುದನ್ನೂ ಅವನು ಮರೆತನು. ಬೇರೆ ಯಾರದೋ ಕೈ ತನ್ನ ತೋಳಿಗೆ ಅಂಟಿಕೊಂಡಿದೆಯೋ ಎಂಬಂತೆ ಅದನ್ನೇ ನೋಡುತ್ತಿದ್ದನು.

“ಎಷ್ಟ ವರ್ಷದಿಂದ?” ಎಂದು ಕೇಳಿದನು.

ಪಾರೀಸನು ಮೊದಲು ಚೇತರಿಸಿಕೊಂಡನು. “ಆತು, ತಿಳೀತು. ಆ ನಿಧಾನ ಹಾಕಾಕ ಬರ್ತೈತೋ ಇಲ್ಲೋ?”

“ಬರ್ತೈತ್ರಿ.”

“ಹಾಕ್ರಿ ಮತ್ತ.”

ಹಾಕುವುದು ಕಷ್ಟವೇನಲ್ಲ. ಹಳೆಯ ಚಿಪ್ಪಿನ ಗತಿಯಲ್ಲೇ ನಡೆಯಬೇಕೆಂದು ಹೊಸದಕ್ಕೆ ಕಡಿವಾಣ ಹಾಕಿದರಾಯಿತು. ಜೊತೆಗೆ ಹೊತ್ತು ತಂದಿದ್ದ ಹಳೆಯ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು ಅವಳು ಎರಡನ್ನೂ ಹೊಂದಿಸಿದಳು. ಎರಡು ಟಕ್ ಸೇರಿ ಒಂದೇ ಟಕ್ ಕೇಳುವವರೆಗೆ ಬಿಡಲಿಲ್ಲ. ಆಮೇಲೆ ಮೋಟಾರು ಹಚ್ಚಿ, ಒಂದು ಕಟ್ಟಿಗೆಯ ತುಂಡನ್ನು ಅಚ್ಚಿನ ಮೇಲಿಟ್ಟು ನೋಡಿದಳು. ಪೆಡಲು, ಅರ್ಧ ಉಸಿರು, ಧಡ್.

“ಈಗ ಹಳೇದಕ್ಕೂ ಇದಕ್ಕೂ ಕೂದಲೆಳಿ ಫರಕ್ ಇಲ್ಲ,” ಎಂದಳು. “ಆದ್ರ ಸಾವಕಾರ್ರ, ಇದು ರಕ್ಷಣಾ ಅಲ್ರಿ. ಹಳೇದರಾಗೂ ರಕ್ಷಣಾ ಇರಲಿಲ್ಲ. ನಸೀಬ ಇತ್ತು, ಅಷ್ಟಽ.”

“ಇಷ್ಟ ವರ್ಷ ನಡದೈತಿ. ಇನ್ನೂ ನಡೀತೈತಿ. ಜ್ಞಾನ್ಯಾ, ಕೂಡಪಾ.”

ಜ್ಞಾನು ಕುಳಿತನು. ತುಂಡು ಇಟ್ಟನು. ಕಾಲೆತ್ತಿದನು, ಎತ್ತಿದ ಕಾಲು ಪೆಡಲಿನ ಮೇಲೆ ಇಳಿಯಲಿಲ್ಲ. ಕೈಯನ್ನು ಭುಜದವರೆಗೆ ಹಿಂದಕ್ಕೆಳೆದುಕೊಂಡು, ಕಣ್ಣನ್ನು ಕೈಯ ಮೇಲೆಯೇ ನೆಟ್ಟು ಒತ್ತಿದನು. ತುಂಡು ಸರಿದಿತ್ತು, ಕೊಂಡಿ ಸೊಟ್ಟಗೆ ಮುರುಟಿ ಬಂದಿತು. ಇನ್ನೊಂದು ಇಟ್ಟನು. ಅದೂ ಸೊಟ್ಟ. ಮೂರನೆಯದಕ್ಕೆ ಕಾಲು ಕೈಗಾಗಿ ಕಾದಿತು, ಕೈ ಕಾಲಿಗಾಗಿ ಕಾದಿತು. ನೀ ಮೊದಲೋ ನಾ ಮೊದಲೋ ಎಂದು ಬಾಗಿಲಲ್ಲಿ ನಿಂತ ಇಬ್ಬರು ಅಪರಿಚಿತರ ಹಾಗೆ. ಬೆವರು ಅವನ ನರೆತ ಮೀಸೆಯವರೆಗೆ ಹರಿಯಿತು.

“ಅದಽ ಮಷೀನ್ ಐತೆಲೋ!” ಎಂದು ಪಾರೀಸನು ರೇಗಿದನು. “ಹಳೇದರಂಗಽ ಐತಿ. ಹಳೇದರಂಗಽ ಮಾಡು!”

“ಹಳೇದರಾಗ ಏನ ಮಾಡ್ತಿದ್ದೆ ಅಂತ ನನಗ ಗೊತ್ತಿದ್ರ ಮಾಡ್ತಿದ್ನಿ ಮಾಲಕ,” ಎಂದನು ಜ್ಞಾನು.

ಅವನು ಎದ್ದು ನಿಂತನು. ಪ್ರೆಸ್ಸಿನ ಎರಡೂ ಕಡೆಗೆ, ಎಣ್ಣೆ ಧೂಳು ಗಟ್ಟಿಯಾಗಿ ಕೂತ, ಒತ್ತುಗುಂಡಿಗಳಂಥ ಎರಡು ಗುಬ್ಬಿಗಳಿದ್ದವು. ಮೇಲಂಗಿಯ ತುದಿಯಿಂದ ಒಂದನ್ನು ಉಜ್ಜಿದನು. ಒಳಗಿನಿಂದ ಹಸಿರು ಬಣ್ಣ ಕಾಣಿಸಿತು. ಎರಡೂ ಕೈಗಳಿಂದ ಎರಡನ್ನೂ ಒಟ್ಟಿಗೆ ಒತ್ತಿದ ಹೊರತು ಪ್ರೆಸ್ಸು ಇಳಿಯಬಾರದೆಂದು ಯಂತ್ರ ಮಾಡಿದವರು ಇಟ್ಟ ಗುಬ್ಬಿಗಳು ಅವು. ಕೆಲಸ ನಿಧಾನವಾಗುತ್ತದೆಂದು ಅವುಗಳ ತಂತಿ ಕತ್ತರಿಸಿ ಪೆಡಲು ಕೂಡಿಸಿದ್ದು ಪಾರೀಸನ ತಂದೆಯ ಕಾಲದಲ್ಲಿ. ಅಂದು ತಂತಿ ಕತ್ತರಿಸುವಾಗ ದೀಪ ಹಿಡಿದು ನಿಂತವನು ಜ್ಞಾನುವೇ.

“ಇವಕ್ಕ ತಾರ ಹಚ್ರಿ ಬಾಯಾರ.”

“ತಲಿ ಕೆಟ್ಟೈತೇನ?” ಎಂದನು ಪಾರೀಸ. “ಅವು ಕಲಿಯಾಕ ಬಂದಾವ್ರಿಗೆ. ನಿನ್ನಂಥಾ ಆಳು ಅದರ ಮುಂದ ಕೂತ್ರ ಮಂದಿ ನಗ್ತಾರ. ಮಾಲು ಅರ್ಧಾ ಆಗ್ತೈತಿ.”

“ಇವತ್ತ ಕಲಿಯಾಕ ಬಂದೇನಿ ಅಂತ ತಿಳೀರಿ.”

“ಬೇಕಾದ್ರ ನನ್ನ ಹೊಡೀರಿ ಮಾಲಕ, ತಾರ ಹಚ್ಚದಿದ್ರ ಆ ಮೇನ್ ಬಟನ್ ಮತ್ತೊಮ್ಮಿ ಜಗ್ತೇನಿ,” ಎಂದು ನೆಲದ ಮೇಲಿಂದಲೇ ಧೊಂಡುಬಾಯಿ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಪಾರೀಸನು ಕೈ ಝಾಡಿಸಿ, ಏನಾದರೂ ಮಾಡಿಕೊಳ್ಳಿರೆಂದು ಹೊರಗೆ ಹೋಗಿ ಲಾರಿಯವನ ಮೇಲೆ ಕೂಗಾಡತೊಡಗಿದನು.

ಮನೀಷಾ ಪೆಡಲಿನ ತಂತಿಯನ್ನು ಕಿತ್ತು, ಗುಬ್ಬಿಗಳಿಗೆ ಹೊಸ ತಂತಿ ಎಳೆದಳು. ಅವಳು ಮೊಣಕಾಲೂರಿ ಸ್ಕ್ರೂ ಬಿಗಿಯುತ್ತಿರುವಷ್ಟು ಹೊತ್ತೂ ಜ್ಞಾನು ಪಕ್ಕದಲ್ಲಿ ನಿಂತಿದ್ದನು. ಒಂದು ಗುಬ್ಬಿ ಒತ್ತಿದಳು, ಪ್ರೆಸ್ಸು ಅಲುಗಲಿಲ್ಲ. ಎರಡೂ ಒತ್ತಿದಳು, ಅರ್ಧ ಉಸಿರು ಬಿಟ್ಟು ಇಳಿಯಿತು. ಸಾಮಾನು ಚೀಲಕ್ಕೆ ತುಂಬುತ್ತಿರುವಾಗ ಅವನು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದನು.

“ಬಾಯಾರ, ಒಂದ ಕೇಳ್ಲೇನ್ರಿ? ಯಾರಿಗೂ ಹೇಳದಽ, ಆ ನಿಧಾನ ಒಳಗ ಹಾಕಿ ನೀವ ಹೋಗಿದ್ರ ನಡೀತಿರಲಿಲ್ಲೇನು?”

“ಬ್ಯಾರೆ ದಿನ ಬ್ಯಾರೆ ಯಾರೋ ಬಂದು ಅದನ್ನ ತಗದಿದ್ರ ದಾದಾ? ಇಲ್ಲಾ ಆ ಚಿಪ್ಪಽ ಒಮ್ಮಿ ಎಣಸೂದ ಮರತಿದ್ರ?”

“ಅದೂ ಖರೇ.” ಅವನು ತಲೆಯಾಡಿಸಿದನು. ಸಿಟ್ಟಿರಲಿಲ್ಲ ಅವನಲ್ಲಿ, ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. “ಆದ್ರ ಶನಿವಾರದ ತನಕಾ ನನಗೊಂದ ಕೆಲಸ ಬರ್ತಿತ್ರಿ.”

ಹೇಳಬೇಕಾದದ್ದು ಬಹಳವಿತ್ತು: ಬೆರಳು ಉಳಿದರೆ ಕೆಲಸ ಮತ್ತೆ ಕಲಿಯಬಹುದು, ಕೆಲವು ದಿನಗಳಲ್ಲಿ ಕೈ ಹೊಂದಿಕೊಂಡೀತು, ಗೊತ್ತಿಲ್ಲದೆ ಇರುವುದಕ್ಕಿಂತ ಗೊತ್ತಿರುವುದು ಮೇಲು. ಒಂದೊಂದೂ ನಿಜವೇ. ಆದರೂ ಅವಳು ಬಾಯಿ ತೆರೆಯುವಷ್ಟರಲ್ಲಿ ಜ್ಞಾನು ಸ್ಟೂಲಿನ ಮೇಲೆ ಕುಳಿತಾಗಿತ್ತು. ತುಂಡು ಇಟ್ಟನು. ಇಟ್ಟದ್ದು ಸರಿಯಿದೆಯೇ ಎಂದು ಬಗ್ಗಿ ನೋಡಿದನು. ತೋಳುಗಳನ್ನು ಅಗಲಿಸಿ, ಎರಡೂ ಅಂಗೈಗಳನ್ನು ಎರಡು ಗುಬ್ಬಿಗಳ ಮೇಲಿಟ್ಟು, ಪ್ರೆಸ್ಸು ಇಳಿದು ಮೇಲೇರುವವರೆಗೆ ಉಸಿರು ಹಿಡಿದನು. ಅದು ಏರಿ ನಿಂತಿತು. ಕೊಂಡಿ ತೆಗೆಯಲು ಅವನು ಕೈ ಚಾಚಿದನು. ಚಾಚಿದ ಬೆರಳು ಅಚ್ಚಿನ ಹೊರಗೇ ತಡೆದು ನಿಂತಿತು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಮಗುವಿನ ಕೈಯನ್ನು ಒಯ್ದಂತೆ, ಅದನ್ನು ಒಳಗೆ ಒಯ್ದನು.